ಜುಸ್ಸಾರಳಿಗೆ ನಾನು ಹೇಳಿದ ಸುಳ್ಳು

ನವೆಂಬರ್ ೧೯, ಮಂಗಳವಾರ. ಸಾಲ್ವಡಾರ್.

ಆ ಹುಡುಗಿಯ ಮುಖ ಕಣ್ಣಮುಂದಿನಿಂದ ಹೋಗುತ್ತಿಲ್ಲ.

ನಾಳೆ ಕಪ್ಪುಜನರ ಜಾಗೃತಿ ದಿನ. ಪ್ರತಿ ವರ್ಷದಂತೆ ಕಂಪನಿಯವರಿಗೆ ಇವತ್ತು ನನ್ನ ನೆನಪಾಯಿತು. ಹೊಸದಾಗಿ ಸೇರಿದ ನಮ್ಮ ಕಪ್ಪು ಹುಡುಗಿಯರಿಗೆ ಸ್ಫೂರ್ತಿ ತುಂಬುವ ನಾಲ್ಕು ಮಾತು ಹೇಳಬೇಕಿತ್ತು. ಹೇಳಿದೆ. ತಾಳ್ಮೆಯಿರಲಿ, ಎರಡು ಪಟ್ಟು ದುಡಿಯಿರಿ, ನಿಮ್ಮ ಪರವಾಗಿ ಕೆಲಸವೇ ಮಾತಾಡುತ್ತದೆ ಎಂದೆ. ಮುಖ್ಯ ಎಂಜಿನಿಯರ್ ಹುದ್ದೆ ಮುರಿಲೊಗೆ ಹೋಗಿದೆಯೆಂದು ಬೆಳಿಗ್ಗೆಯಷ್ಟೇ ತಿಳಿದಿತ್ತು. ಅವನಿಗೆ ಸೇತುವೆ ಕೆಲಸ ಕಲಿಸಿದವಳು ನಾನು. ಹತ್ತೊಂಬತ್ತು ವರ್ಷದಲ್ಲಿ ನನ್ನನ್ನು ದಾಟಿ ಹೋದವರಲ್ಲಿ ಅವನು ಮೂರನೆಯವನು.

ಭಾಷಣ ಮುಗಿದ ಮೇಲೆ ಜುಸ್ಸಾರ ಬಂದಳು. ಕೆಲಸಕ್ಕೆ ಸೇರಿ ವರ್ಷವಾಗಿದೆ ಅಷ್ಟೆ. ಅವಳು ಮಾಡಿದ ನಕ್ಷೆಗೆ ಮುರಿಲೊ ತನ್ನ ಹೆಸರು ಹಾಕಿಕೊಂಡಿದ್ದು ನನಗೂ ಗೊತ್ತು. ಅವಳ ಕೈಯಲ್ಲಿ ದೂರಿನ ಪತ್ರವಿತ್ತು.

"ಅಕ್ಕಾ, ಇದನ್ನ ಇವತ್ತು ಕೊಟ್ಟುಬಿಡೋಣ ಅಂತಿದ್ದೆ. ನಿಮ್ಮ ಮಾತು ಕೇಳಿದ್ಮೇಲೆ ಬೇಡ ಅನ್ನಿಸ್ತು. ನೀವೂ ಸಹಿಸ್ಕೊಂಡೇ ತಾನೆ ಮೇಲೆ ಬಂದಿದ್ದು?"

ನಾನೆಲ್ಲಿ ಮೇಲೆ ಬಂದೆ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಮುರಿಲೊ ಕಾಫಿ ಹಿಡಿದು ಪಕ್ಕದಲ್ಲೇ ನಿಂತಿದ್ದ.

"ಹೂಂ ಕಣೇ" ಎಂದೆ.

ಅವಳು ಪತ್ರ ಹರಿದು ಬುಟ್ಟಿಗೆ ಹಾಕಿದಳು. ನನ್ನನ್ನು ತಬ್ಬಿಕೊಂಡು, "ನಿಮ್ಮಿಂದ ಎಷ್ಟು ಧೈರ್ಯ ಬಂತು ಗೊತ್ತಾ" ಎಂದಳು.

ಮನೆಗೆ ಬಂದು ಅವಳಿಗೆ ನಿಜ ಹೇಳಿಬಿಡಬೇಕೆಂದು ಎರಡು ಸಲ ಫೋನ್ ತೆಗೆದೆ. ಎರಡು ಸಲವೂ ಇಟ್ಟುಬಿಟ್ಟೆ. ನಿಜ ಕೇಳಿದ ಮೇಲೆ ಅವಳು ಏನು ಕೇಳುತ್ತಾಳೆಂದು ಗೊತ್ತು: ಮತ್ತೆ ನೀವ್ಯಾಕೆ ಇನ್ನೂ ಅಲ್ಲೇ ಇದ್ದೀರಿ ಅಕ್ಕಾ?