ಎಳೆಯಬಾರದ ಪೊರೆ

ಮೈರಾಳ ಪಪ್ಪನಿಗೆ,

ನಿನ್ನನ್ನು ಬೇರೆ ಹೇಗೆ ಕರೆಯುವುದೆಂದು ಎರಡು ದಿನ ಯೋಚಿಸಿದೆ. ಗೆಳೆಯ ಎನ್ನಲು ನಾಲಿಗೆ ಏಳುವುದಿಲ್ಲ. ಟ್ರೆವರಣ್ಣ ಎನ್ನುವ ಕಾಲ ಮುಗಿದು ಏಳು ವರ್ಷವಾಯಿತು. ಕಳೆದ ಗುರುವಾರ ಸಂಜೆ ನೀನು ಅಲ್ ವುಕೈರ್‌ನ ನಮ್ಮ ಪ್ರಾಣಿ ಕ್ಲಿನಿಕ್ಕಿನ ಬಾಗಿಲು ತಳ್ಳಿಕೊಂಡು ಮಗಳ ಜೊತೆ ಒಳಗೆ ಬಂದಾಗ, ನನ್ನನ್ನು ಗುರುತಿಸಲು ಎಷ್ಟು ಹೊತ್ತು ಬೇಕಾಗುತ್ತದೆ ಎಂದು ನೋಡುತ್ತಾ ನಿಂತಿದ್ದೆ. ಮುಖಕ್ಕೆ ಮಾಸ್ಕ್ ಇತ್ತು, ಕೂದಲು ಗಿಡ್ಡ ಮಾಡಿಸಿದ್ದೇನೆ, ಮೈ ಸ್ವಲ್ಪ ತುಂಬಿದೆ. ಆದರೆ ನಾನು ಬಾಯಿ ಬಿಟ್ಟು ನಿನ್ನ ಮಗಳ ಹೆಸರು ಕೇಳಿದ್ದೇ ತಡ, ನಿನ್ನ ಕೈಯಲ್ಲಿದ್ದ ಕಾರಿನ ಕೀಲಿ ನೆಲಕ್ಕೆ ಬಿತ್ತು. ಆ ಸದ್ದು ನನಗೆ ಬಹಳ ಹಿತವಾಯಿತು.

ಮೈರಾ ಪೆಟ್ಟಿಗೆಯಲ್ಲಿ ತಂದದ್ದು ಕಿತ್ತಳೆ ಬಣ್ಣದ, ವಿಷವಿಲ್ಲದ ಒಂದು ಕಾರ್ನ್ ಸ್ನೇಕ್. ಅದಕ್ಕೆ ಮ್ಯಾಂಗೋ ಎಂಬ ಹೆಸರು ಬೇರೆ. ಪೊರೆ ತುಂಡುತುಂಡಾಗಿ ಕಳಚಿತ್ತು, ಬಾಲದ ತುದಿಗೆ ಉಂಗುರದ ಹಾಗೆ ಸುತ್ತಿಕೊಂಡಿತ್ತು, ಎರಡು ಕಣ್ಣುಗಳ ಮೇಲೂ ಹಾಗೇ ಉಳಿದಿತ್ತು. ಹುಡುಗಿಗೆ ಪ್ರಶ್ನೆಗಳೋ ಪ್ರಶ್ನೆಗಳು. ಯಾಕೆ ಬಿಡುತ್ತದೆ, ಹೇಗೆ ಬಿಡುತ್ತದೆ, ನೋವಾಗುತ್ತದೆಯೇ? ನೀನು ಗೋಡೆಯ ಮೇಲಿನ ಬೆಕ್ಕಿನ ಪೋಸ್ಟರನ್ನು ಜೀವಮಾನದಲ್ಲಿ ಬೆಕ್ಕನ್ನೇ ಕಾಣದವನ ಹಾಗೆ ನೋಡುತ್ತಿದ್ದೆ. ನಿನಗೂ ಕೇಳಲಿ ಎಂದೇ ನಾನು ನಿಧಾನವಾಗಿ ಹೇಳಿದೆ.

ಹಾವಿನ ಮೈ ಬೆಳೆಯುತ್ತದೆ, ಹೊರಗಿನ ಪದರ ಮಾತ್ರ ಬೆಳೆಯುವುದಿಲ್ಲ, ಅದು ಸತ್ತ ಚರ್ಮ. ಸವೆಯುತ್ತದೆ, ಗಾಯವಾಗುತ್ತದೆ, ಉಣ್ಣಿ ಹತ್ತುತ್ತದೆ. ಅದಕ್ಕೇ ಒಳಗೆ ಹೊಸದು ತಯಾರಾದ ಮೇಲೆ ಹಾವು ಹಳತನ್ನು ಬಿಡುತ್ತದೆ. ಹಳತು ಹೊಸತರ ನಡುವೆ ದ್ರವ ತುಂಬಿ ಕಣ್ಣು ಹಾಲು ಬೆರೆಸಿದ ನೀಲಿಯಾಗುತ್ತದೆ. ಆಗ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಊಟ ಬೇಡ, ಮುಟ್ಟಿದರೆ ಸಿಟ್ಟು. ಕೆಲವು ದಿನಕ್ಕೆ ಕಣ್ಣು ತಿಳಿಯಾಗುತ್ತದೆ. ಆಮೇಲೆ ಮೂತಿಯನ್ನು ಕಲ್ಲಿಗೋ ಕಟ್ಟಿಗೆಗೋ ಉಜ್ಜಿ, ತುಟಿಯ ಬಳಿ ಬಿರುಕು ಮಾಡಿಕೊಂಡು, ಕಾಲುಚೀಲ ಕಳಚಿದ ಹಾಗೆ ಒಳಮಗ್ಗುಲು ಹೊರಗಾಗಿಸಿ ತೆವಳಿ ಬರುತ್ತದೆ. ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಗಾಜಿನಂಥ ಮುಚ್ಚಳ ಇರುತ್ತದೆ, ಅದರ ಮೇಲ್ಪದರವೂ ಪೊರೆಯ ಜೊತೆಗೇ ಹೋಗುತ್ತದೆ. ನಮ್ಮ ಮನೆಗಳಲ್ಲಿ ಹಗಲಿರುಳು ಏಸಿ ಓಡುತ್ತದಲ್ಲ, ಆ ಒಣ ಗಾಳಿಗೆ ಕೆಲವೊಮ್ಮೆ ಅಂಟಿಕೊಂಡುಬಿಡುತ್ತದೆ. ಒದ್ದೆ ಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿಟ್ಟು ಕಾಯಬೇಕು. ಬರಲಿಲ್ಲವೆಂದರೆ ಮುಂದಿನ ಪೊರೆಯವರೆಗೂ ಕಾಯಬೇಕು. ಎಳೆಯಬಾರದು.

ಆಗ ನಿನ್ನ ಮಗಳು ತಲೆಯಾಡಿಸಿ, ತನ್ನ ಶಾಲೆಯ ಚಂದದ ಇಂಗ್ಲಿಷಿನಲ್ಲಿ ಹೇಳಿದಳು: "ನನಗೆ ಗೊತ್ತು. ಪಪ್ಪನ ಹಳೆಯ ಕ್ಲಿನಿಕ್ಕಿನಲ್ಲಿ ಒಬ್ಬಳು ಕೇರ್‌ಲೆಸ್ ನರ್ಸ್ ಇದ್ದಳಂತೆ. ಅವಳು ಎಳೆದು ಹಾವನ್ನು ಕುರುಡು ಮಾಡಿದಳಂತೆ. ಪಪ್ಪ ಬೇಡ ಅಂದರೂ ಕೇಳಲಿಲ್ಲವಂತೆ."

ಟ್ರೆವರ್, ನೀನು ಆ ಸುಳ್ಳನ್ನು ಒಮ್ಮೆ ಹೇಳಿ ಮರೆತಿದ್ದೀ ಎಂದುಕೊಂಡಿದ್ದೆ. ಹೆದರಿಕೆಗೆ ಹೇಳಿದ ಸುಳ್ಳು, ಪಾಪ ಎಂದು ಎಷ್ಟೋ ಸಲ ನಿನ್ನ ಪರವಾಗಿ ನಾನೇ ವಾದಿಸಿದ್ದೆ. ನೀನು ನೋಡಿದರೆ ಅದನ್ನು ಮಗಳಿಗೆ ಕಥೆ ಮಾಡಿ ಹೇಳಿ ಬೆಳೆಸಿದ್ದೀ. ಅವಳ ಪಾಲಿಗೆ ನೀನು ಹಾವನ್ನು ಉಳಿಸಲು ಹೋದ ವೀರ, ನಾನು ಕಣ್ಣು ಕಿತ್ತವಳು.

ನಡೆದದ್ದು ಏನೆಂದು ನಮ್ಮಿಬ್ಬರಿಗೆ ಗೊತ್ತು. ಆದರೂ ಬರೆಯುತ್ತೇನೆ, ನಿನ್ನ ನೆನಪಿನ ಮೇಲೆ ನನಗೆ ನಂಬಿಕೆ ಇಲ್ಲ. ಅಲ್ ರಯ್ಯಾನ್‌ನ ಕ್ಲಿನಿಕ್, ನಾವಿಬ್ಬರೂ ಸಹಾಯಕರು, ನೀನು ನನಗಿಂತ ನಾಲ್ಕು ವರ್ಷ ಸೀನಿಯರ್. ಯಾರದೋ ಮನೆಯ ಸಣ್ಣ ಹೆಬ್ಬಾವು, ಕಣ್ಣುಗಳ ಮೇಲೆ ಪೊರೆ ಅಂಟಿತ್ತು. ಡಾಕ್ಟರ್ ಸ್ಯಾಮ್ಯುಯೆಲ್ ಒದ್ದೆ ಪೆಟ್ಟಿಗೆಯಲ್ಲಿಡಿ, ಮುಟ್ಟಬೇಡಿ ಎಂದು ಹೇಳಿ ಹೋಗಿದ್ದರು. ಮಾಲೀಕ ಹಾವು ಅವತ್ತೇ ಬೇಕೆಂದು ಫೋನಿನ ಮೇಲೆ ಫೋನ್ ಮಾಡಿದ. ನೀನು ಚಿಮುಟ ಎತ್ತಿಕೊಂಡು, "ಯಲ್ಲಾ, ನಡಿ ನಡಿ, ಎರಡು ನಿಮಿಷದ ಕೆಲಸ, ನೀನು ತಲೆ ಹಿಡಿ" ಎಂದೆ. ನಾನು ಹಿಡಿದೆ. ಅದು ನನ್ನ ಪಾಲಿನ ತಪ್ಪು, ಇವತ್ತಿಗೂ ಪಾದ್ರಿಗಳ ಬಳಿ ತಪ್ಪೊಪ್ಪಿಗೆಗೆ ಮೊಣಕಾಲೂರಿದಾಗ ಮೊದಲು ಅದನ್ನೇ ಹೇಳುತ್ತೇನೆ. ಪೊರೆಯ ಜೊತೆ ಅಡಿಯ ಮುಚ್ಚಳವೂ ಕಿತ್ತು ಬಂತು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನೀನು ಇನ್ನೊಂದು ಕಣ್ಣಿಗೂ ಕೈ ಹಾಕಿದೆ. ಹತ್ತು ದಿನದೊಳಗೆ ಎರಡೂ ಕೀವಾಗಿ, ಎರಡನ್ನೂ ತೆಗೆಯಬೇಕಾಯಿತು.

ಡಾಕ್ಟರು ಕೇಳಿದಾಗ ನೀನು ನನ್ನ ಕಡೆ ಬೆರಳು ತೋರಿಸಿದೆ. ಆಮೇಲೆ ಔಷಧಿ ಕೋಣೆಯಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದ ಮಾತು ನೆನಪಿದೆಯೇ? "ನಂಗೆ ನಾಲ್ಕು ವರ್ಷದ ಮಗು ಉಂಟು ಮಾರಾಯ್ತಿ. ನೀನು ಒಬ್ಬಳೇ, ಎಲ್ಲಿ ಹೋದ್ರೂ ಬದುಕ್ತಿ."

ಬದುಕಿದೆ. ವೀಸಾ ಕ್ಯಾನ್ಸಲ್ ಆಗಿ ಹದಿನೈದು ದಿನದಲ್ಲಿ ಊರಿಗೆ ಮರಳಿದೆ. ನನಗಿಂತ ಮೊದಲೇ ಸುದ್ದಿ ಶಿರ್ವದ ಇಗರ್ಜಿಯ ಅಂಗಳ ತಲುಪಿತ್ತು. ಯಾವ ಪ್ರಾಣಿ ಆಸ್ಪತ್ರೆಯೂ ನನ್ನನ್ನು ಸೇರಿಸಿಕೊಳ್ಳಲಿಲ್ಲ. ಐದು ವರ್ಷ ಕೋಳಿ ಫಾರ್ಮಿನಲ್ಲಿ ಸತ್ತ ಮರಿಗಳನ್ನು ಹೆಕ್ಕಿ ಬಕೆಟ್ಟಿಗೆ ಹಾಕಿದೆ. ನಮ್ಮಮ್ಮ ತೀರಿಕೊಳ್ಳುವ ಹಿಂದಿನ ವಾರವೂ, ನಿಜ ಹೇಳು ಬಾಯ್, ನನ್ನ ಮಗಳೇ, ನೀನು ಎಳೆದೆಯಾ ಎಂದು ಕೇಳಿದಳು. ಇಲ್ಲ ಎಂದೆ. ಅವಳು ನಂಬಿದಳೋ ಇಲ್ಲವೋ ನನಗೆ ಗೊತ್ತಾಗಲೇ ಇಲ್ಲ. ನಿನ್ನ ಮೇಲೆ ನನಗಿರುವ ಹಗೆಯಲ್ಲಿ ಮುಕ್ಕಾಲು ಪಾಲು ಇದೊಂದಕ್ಕೆ.

ನಾನು ಮತ್ತೆ ಅರಬರ ನಾಡಿಗೆ ಬಂದು, ಹಳೆಯದನ್ನು ಕೆದಕದ ಈ ಕ್ಲಿನಿಕ್ಕಿಗೆ ಸೇರಿ ಎರಡು ವರ್ಷವಾಗುತ್ತಿದೆ. ನೀನು ಮಾತ್ರ ಪ್ರಾಣಿಗಳ ಸಹವಾಸ ಬಿಟ್ಟು ಅಲ್ ಖೋರ್‌ನಲ್ಲಿ ಆಫೀಸಿನ ಕುರ್ಚಿ ಹಿಡಿದೆ. ಇಲ್ಲಿನ ಚರ್ಚಿನ ಶುಕ್ರವಾರದ ಪೂಜೆಯಲ್ಲಿ ಬೈಬಲ್ ವಾಚನ ಓದುತ್ತೀಯಂತೆ. ಸ್ವರ ಒಳ್ಳೆಯದಿದೆ ಎಂದು ಎಲ್ಲರೂ ಹೊಗಳುತ್ತಾರೆ.

ಗುರುವಾರ ಅಲ್ಲೇ ಮಾಸ್ಕ್ ಕಳಚಿ, ಆ ನರ್ಸ್ ನಾನೇ ಎನ್ನಬಹುದಿತ್ತು. ನಿನ್ನ ಕಣ್ಣು ಬೇಡಿಕೊಳ್ಳುತ್ತಿತ್ತು. ನಾನು ಸುಮ್ಮನಿದ್ದದ್ದು ಕನಿಕರದಿಂದ ಎಂದು ತಿಳಿಯಬೇಡ. ಒಂದೇ ನಿಮಿಷದಲ್ಲಿ ಮುಗಿದುಹೋದರೆ ನನಗೆ ಸಾಕಾಗುತ್ತಿರಲಿಲ್ಲ. ಒಂದು ವಾರ ನೀನು ಹೆದರಬೇಕಿತ್ತು. ಬ್ರೇಕ್‌ಫಾಸ್ಟಿಗೆ ಕೂತಾಗ, ಅವಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸುವಾಗ, ಒದ್ದೆ ಬಟ್ಟೆ ಬದಲಿಸಲು ಅವಳು ನಿನ್ನನ್ನು ಕರೆದಾಗ ಹೆದರಬೇಕಿತ್ತು. ಮಗುವಿನ ಮೂಲಕ ತೀರಿಸಿಕೊಳ್ಳುವುದು ಕ್ರೂರವೆಂದು ನನಗೂ ಗೊತ್ತು. ಆದರೆ ನನ್ನನ್ನು ಬಲಿ ಕೊಡುವಾಗ ಆ ಮಗುವಿನ ಹೆಸರು ತಂದವನು ನೀನು.

ಬರುವ ಗುರುವಾರ ಐದೂವರೆಗೆ ಮ್ಯಾಂಗೋವನ್ನು ಮತ್ತೆ ತೋರಿಸಬೇಕು. ಮೈರಾ ಬಂದೇ ಬರುತ್ತಾಳೆ, ನೀನೂ ಬಾ. ನನ್ನೆದುರಿಗೆ, ಯಾವ ಭಾಷೆಯಲ್ಲಾದರೂ ಸರಿ, ಎಳೆದವನು ನಾನು ಎಂದು ಅವಳಿಗೆ ಹೇಳು. ನನ್ನ ಕ್ಷಮೆ ಕೇಳುವುದೇನೂ ಬೇಡ, ನನ್ನ ಹತ್ತಿರ ಅದು ಇಲ್ಲ. ಬೇರೆ ಕ್ಲಿನಿಕ್ಕಿಗೆ ಹೋಗುವ ಜಾಣತನ ಮಾಡಬೇಡ, ಇಲ್ಲಿ ಹಾವು ನೋಡುವ ಡಾಕ್ಟರುಗಳು ಎಷ್ಟು ಮಂದಿ, ಎಲ್ಲೆಲ್ಲಿ ಎಂದು ನಿನಗಿಂತ ನನಗೆ ಚೆನ್ನಾಗಿ ಗೊತ್ತು.

ನಿನ್ನ ಜೊತೆ ಆಫೀಸಿನ ಬಸ್ಸಿನಲ್ಲಿ ಹೋಗಿಬರುವ ವ್ಯಾಲೆಂಟೈನ್ ಕೈಯಲ್ಲಿ ಇದನ್ನು ಅಂಟಿಸಿ ಕಳಿಸುತ್ತಿದ್ದೇನೆ. ಮನೆಮಾತು ಕೊಂಕಣಿಯಲ್ಲಿ ಬರೆಯಬಹುದಿತ್ತು, ಆದರೆ ಯಾರಾದರೂ ಓದಿ ಹೇಳಿದರೆ ಮೈರಾಗೆ ತಿಳಿದುಬಿಡುತ್ತದೆ. ಕನ್ನಡ ಅವಳಿಗೆ ಒಂದಕ್ಷರ ಬರುವುದಿಲ್ಲ. ಹಾಗಾಗಿ ಇದನ್ನು ನೀನು ಊಟದ ಮೇಜಿನ ಮೇಲೆ ಮರೆತಿಟ್ಟರೂ ಗುರುವಾರದವರೆಗೆ ಏನೂ ಆಗುವುದಿಲ್ಲ. ಇದೇ ಪತ್ರವನ್ನು ನಾನು ಇನ್ನೊಮ್ಮೆ, ಹನ್ನೊಂದು ವರ್ಷದ ಹುಡುಗಿಗೆ ತಿಳಿಯುವ ಸುಲಭದ ಇಂಗ್ಲಿಷಿನಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಮುಗಿಸಿದ್ದೇನೆ. ಲಕೋಟೆಯ ಮೇಲೆ ಅವಳ ಹೆಸರಿದೆ.

ಮಗಳಿಗೆ ದೇವರು ಒಳ್ಳೆಯದು ಮಾಡಲಿ. ನಿನಗೆ ಗುರುವಾರದವರೆಗೆ ನಿದ್ದೆ ಹತ್ತದಿರಲಿ.

ಫ್ಲೋರಿನ್