ಪುಷ್ಪಕ್ಕನ ಕಂಪ್ಯೂಟರಿನಲ್ಲಿ ಉಳಿದ ಹಾಡು

ಪುಷ್ಪಕ್ಕಾ,

ನೀನು ಹೋದ ಮೇಲೆ ನಿನ್ನ ಕಂಪ್ಯೂಟರನ್ನು ಮೊದಲ ಸಲ ಹಾಕಿದ್ದು ಹೋದ ತಿಂಗಳು. ಯಲಹಂಕದ ನಮ್ಮ ಮನೆಯ ಮುಂದಿನ ಕೋಣೆ, ನೀನು ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು ಡಿಟಿಪಿ ಮಾಡುತ್ತಿದ್ದ ಅದೇ ಮೂಲೆ. ಪ್ರತಿ ಆಯುಧಪೂಜೆಗೂ ಅದಕ್ಕೆ ಕುಂಕುಮ ಇಟ್ಟು ಹೂ ಮುಡಿಸಿದ್ದೇನೆ, ಸ್ವಿಚ್ಚು ಮಾತ್ರ ಒತ್ತಿರಲಿಲ್ಲ. ಒತ್ತಿದೆ. ಒಳಗಿಂದ ಕಟಕಟ ಸದ್ದು. ಆ ಪೆಟ್ಟಿಗೆ ಕೈಕೊಟ್ಟರೆ ಅಮ್ಮನ ಸೋಬಾನೆ ಹಾಡುಗಳೂ ಅದರ ಜೊತೆಗೇ ಹೋದವು ಅಂತ ಲೆಕ್ಕ. ಅಮ್ಮನಿಗೆ ಈಗ ಒಂದು ಹಾಡೂ ಪೂರ್ತಿ ನೆನಪಿಲ್ಲ ಅಕ್ಕ. ಎರಡು ಸಾಲು ಹೇಳಿ, ಮುಂದಿನದಕ್ಕೆ ನನ್ನ ಮುಖ ನೋಡುತ್ತಾಳೆ. ನನಗೇನು ಗೊತ್ತು?

ಅಮ್ಮ ಅವರೆಕಾಯಿ ಬಿಡಿಸುತ್ತಾ ತನ್ನ ತವರೂರು ಕೋಗಿಲಿನ ಹಾಡುಗಳನ್ನು ಹೇಳುತ್ತಿದ್ದದ್ದು, ನೀನು ಕಾರ್ಡಿನವರನ್ನು ನಾಳೆ ಬನ್ನಿ ಅಂತ ಸಾಗಹಾಕಿ ಪುಸ್ತಕಕ್ಕೆಂದು ಅವನ್ನು ಟೈಪು ಮಾಡುತ್ತಾ ಕೂತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಕೈ ನಿನ್ನದು. ಸಾಲಿನ ಕೊನೆ ಬಂತೋ ಇಲ್ಲವೋ ಎಂಟರ್ ಒತ್ತುವುದು. ಹೆಸರನ್ನು ನಡುವಿಗೆ ತರಬೇಕಾದರೆ ಸ್ಪೇಸ್ ಬಾರನ್ನು ಟಕಟಕ ಬಡಿಯುವುದು. ‘ಕಂಪ್ಯೂಟರೇ ಮಾಡ್ಕೊಳ್ಳುತ್ತೆ ಬಿಡೇ’ ಅಂದರೆ, ‘ಅದನ್ನ ನಂಬ್ಕೊಂಡ್ರೆ ಗಂಡಿನ ಹೆಸರು ಹೋಗಿ ಪಕ್ಕದ ಬೀದೀಲಿ ಕೂತಿರುತ್ತೆ’ ಅನ್ನುತ್ತಿದ್ದೆ. ಆ ಅಪನಂಬಿಕೆ ಈಗ ನನ್ನ ಪ್ರಾಣ ತಿನ್ನುತ್ತಿದೆ.

ಪೆನ್‌ಡ್ರೈವಿಗೆ ಫೈಲು ಹಾಕಿಕೊಂಡು ಯಶವಂತಪುರದ ಪ್ರೆಸ್ಸಿಗೆ ಹೋದ ದಿನ, ಇನ್ನೇನು ಪುಸ್ತಕವಾಗಿಯೇ ಹೋಯಿತು ಅಂದುಕೊಂಡಿದ್ದೆ. ನಿನ್ನ ಕಾರ್ಡುಗಳನ್ನು ಅಚ್ಚು ಹಾಕುತ್ತಿದ್ದ ಗೋವಿಂದಣ್ಣ ಹೊಸ ವಿಂಡೋಸ್ ಹಾಕಿಸಿದ್ದಾರೆ. ಫೈಲು ತೆರೆಯಲೇ ಇಲ್ಲ. ‘ಇದು ಹಳೇ ಸಾಫ್ಟ್‌ವೇರು ಮೇಡಂ, ಈಗ ಯಾರೂ ಇಟ್ಕೊಂಡಿಲ್ಲ’ ಅಂದರು. ಮನೆಗೆ ಬಂದು ನಿನ್ನ ಮಗಳು ಮೇಘನಾಳ ಮ್ಯಾಕ್ ಲ್ಯಾಪ್‌ಟಾಪಿನಲ್ಲಿ ಹಾಕಿದೆವು. ಅದು ಇದ್ಯಾವ ಪ್ರಾಣಿ ಅಂತ ನಮ್ಮನ್ನೇ ಕೇಳಿತು. ನನ್ನ ಸ್ಕೂಲಿನ ಲ್ಯಾಪ್‌ಟಾಪು ಲಿನಕ್ಸು. ಅದರಲ್ಲಿ ಹೇಗೋ ತೆರೆಯಿತು, ಆದರೆ ಅಮ್ಮನ ಹಾಡಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಪ್ರಶ್ನೆ ಚಿಹ್ನೆ, ಡಬ್ಬಿ ಡಬ್ಬಿ. ಕನ್ನಡವಾಗಿ ಕಾಣುತ್ತಿದ್ದದ್ದು ನಿನ್ನ ಕಂಪ್ಯೂಟರಿನಲ್ಲಿ ಮಾತ್ರ. ಆ ಕಟಕಟ ನಿಲ್ಲುವುದರೊಳಗೆ ಏನಾದರೂ ಮಾಡಬೇಕಿತ್ತು.

ಮೇಘನಾ ಹೆಬ್ಬಾಳದ ಆಫೀಸಿನಿಂದ ಬಂದವಳು ಚಪ್ಪಲಿ ಕೂಡ ಬಿಡದೆ ನನಗೆ ಎರಡು ದಾರಿ ಹೇಳಿದಳು. ‘ಚಿಕ್ಕಿ, ಹಳೇದ್ರಲ್ಲೇ ಪಿಡಿಎಫ್ ಮಾಡ್ಬಿಡೋಣ. ಎಲ್ಲಾ ಕಡೆ ಒಂದೇ ಥರ ಕಾಣುತ್ತೆ, ಆದ್ರೆ ಆಮೇಲೆ ಒಂದಕ್ಷರ ತಿದ್ದೋದೂ ಕಷ್ಟ. ಇಲ್ಲಾಂದ್ರೆ ವಿಂಡೋಸು, ಮ್ಯಾಕು, ಲಿನಕ್ಸು ಮೂರರಲ್ಲೂ ಓಡೋ ಒಂದು ಫ್ರೀ ಸಾಫ್ಟ್‌ವೇರ್ ಇದೆ. ಒಂದೊಂದೇ ಹಾಡು ಕಾಪಿ ಮಾಡಿ, ಎಲ್ಲಾ ಕಂಪ್ಯೂಟರಿಗೂ ಗೊತ್ತಾಗೋ ಯೂನಿಕೋಡ್ ಅಕ್ಷರಕ್ಕೆ ತಿರುಗಿಸಿ, ಅದಕ್ಕೆ ಹಾಕ್ಬೇಕು. ನಮ್ಮಮ್ಮ ಒತ್ತಿರೋ ಎಂಟರ್‌ಗಳನ್ನೆಲ್ಲಾ ನಾವೇ ತೆಗೀಬೇಕು.’ ಮೊದಲನೆಯದು ಒಂದು ಒತ್ತಿನ ಕೆಲಸ. ಎರಡನೆಯದಕ್ಕೆ ನಾನು ಎಲ್ಲ ಪುಟಗಳ ಮುಂದೆಯೂ ಕೂರಬೇಕು, ಕೊನೆಯ ಪುಟದ ಮುಂದೆಯೂ…

ಆ ಕೊನೆಯ ಪುಟದ ದಿನ ನಿನಗೆ ನೆನಪಿದೆಯಾ? ಹೆಣ್ಣೊಪ್ಪಿಸುವ ಹಾಡೊಂದು ಬಾಕಿ ಇತ್ತು. ಅಮ್ಮ ಜಪ್ಪಯ್ಯ ಅಂದರೂ ಹೇಳಲಿಲ್ಲ. ‘ಆ ಪದಾವ ಸುಮ್‌ಸುಮ್ಕೆ ಏಳ್ಬಾರ್ದು ಕಣವ್ವಾ. ಗಂಡನ್ ಮನೇಗ್ ಒಂಟಿರೋ ಎಣ್ಣು ಮುಂದಿರ್ಬೇಕು. ಇಲ್ಲಾಂದ್ರೆ ಮನೇಲಿರೋರು ಯಾರಾನಾ ಒಂಟೋಯ್ತಾರೆ’ ಅಂದಳು. ನೀನು ನಕ್ಕೆ. ‘ಪುಸ್ತಕಕ್ಕೆ ತಾನೇ ಅಮ್ಮಾ’ ಅಂತ ಪುಸಲಾಯಿಸಿದೆ. ಕೊನೆಗೆ ಅವಳು ಗೋಡೆ ಕಡೆ ತಿರುಗಿಕೊಂಡು ಹೇಳಿದಳು, ನೀನು ಟೈಪು ಮಾಡಿದೆ. ಮುಂದಿನ ವಾರವೇ ನಿನಗೆ ಎದೆನೋವು. ಆಸ್ಪತ್ರೆಯ ಮೆಟ್ಟಿಲನ್ನು ನಡೆದುಕೊಂಡೇ ಹತ್ತಿದವಳು ವಾಪಸು ಬರಲಿಲ್ಲ.

ಈಗ ನಾನು ಪುಸ್ತಕದ ಮಾತೆತ್ತಿದಾಗ ಅಮ್ಮ ಹೇಳಿದ್ದು ಒಂದೇ. ‘ಮಿಕ್ಕಿದ್ದೆಲ್ಲಾ ಆಕಿಸ್ಕೊ. ಆ ಪದ ಮಾತ್ರ ಬ್ಯಾಡ, ತೆಗುದ್‌ಬುಡು.’ ಹೇಳುತ್ತಾ ಅವಳು ನೋಡಿದ್ದು ಮೇಘನಾಳ ಕಡೆಗೆ. ನಾನು ಮಕ್ಕಳಿಗೆ ವಿಜ್ಞಾನ ಪಾಠ ಮಾಡುವವಳು ಅಕ್ಕ, ಗ್ರಹಣದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಕೂತು ತಿಂಡಿ ತಿನ್ನುವವಳು. ಆದರೂ ಹೆದರಿಕೆಯಾಯಿತು. ನಿನ್ನ ಮಗಳು ಗಾಡಿ ತೆಗೆದುಕೊಂಡು ಹೊರಟರೆ ಫ್ಲೈಓವರಿನ ಮೇಲಿನ ಟ್ಯಾಂಕರುಗಳೇ ಕಣ್ಣ ಮುಂದೆ ಬರುತ್ತಿದ್ದವು. ಸಂಜೆ ಗೇಟಿನ ಸದ್ದಾಗುವವರೆಗೆ ಒಳಗೂ ಇಲ್ಲ, ಹೊರಗೂ ಇಲ್ಲ. ಒಂದು ಹಾಡಿಗೆ ಇಷ್ಟು ಹೆದರುತ್ತಾರಾ ಅಂತ ನೀನಾಗಿದ್ದರೆ ಕಿಚಾಯಿಸುತ್ತಿದ್ದೆ. ಅವತ್ತು ನೀನು ನಕ್ಕಿದ್ದೆಯಲ್ಲ, ಆಮೇಲೆ…

ಒಂದು ಭಾನುವಾರ ಬೆಳಿಗ್ಗೆ ಎರಡನೆಯ ದಾರಿಯನ್ನೇ ಹಿಡಿದೆ. ಪಿಡಿಎಫ್ ಮಾಡಿದ್ದರೆ ನಿನ್ನ ತಪ್ಪುಗಳೂ ಹಾಗೇ ಉಳಿಯುತ್ತಿದ್ದವು, ಅದೇ ಚೆನ್ನ ಅಂತ ಒಂದು ಮನಸ್ಸು. ಆದರೆ ತಿದ್ದಲಾಗದ ಹಾಡನ್ನು ಅಮ್ಮ ಏನು ಮಾಡಿಯಾಳು? ನಡುನಡುವೆ ಅವಳಿಗೆ ಒಂದೊಂದು ಸಾಲು ಬೇರೆ ಥರ ನೆನಪಾಗುತ್ತದೆ, ಅದನ್ನೂ ಸೇರಿಸಬೇಕಲ್ಲ. ನಿನ್ನ ಯಂತ್ರದಿಂದ ನಕಲು ಮಾಡುತ್ತಾ, ನನ್ನ ಲ್ಯಾಪ್‌ಟಾಪಿನಲ್ಲಿ ಜೋಡಿಸುತ್ತಾ ಹೋದೆ. ಒಮ್ಮೆ ನಿನ್ನ ಕಂಪ್ಯೂಟರಿನ ಪರದೆ ನೀಲಿಯಾಗಿ ನಿಂತುಬಿಟ್ಟಿತು. ಆಫ್ ಮಾಡಿ, ತಣ್ಣಗಾಗಲು ಬಿಟ್ಟು, ಕಂಡ ದೇವರಿಗೆಲ್ಲ ಹರಕೆ ಹೊತ್ತು ಮತ್ತೆ ಹಾಕಿದೆ. ಹೊತ್ತಿಕೊಂಡಿತು. ಆಗ ಉಳಿದಿದ್ದದ್ದು ಕೊನೆಯ ಪುಟ.

ಆ ಪುಟ ತೆರೆದಾಗ ಅಮ್ಮ ನಡುಮನೆಯಲ್ಲಿ ಕೆಮ್ಮುತ್ತಿದ್ದಳು. ಪೂರ್ತಿ ಆಯ್ಕೆ ಮಾಡಿದೆ, ಎಲ್ಲ ಸಾಲೂ ಕಪ್ಪಾದವು. ಡಿಲೀಟ್ ಒತ್ತಿದರೆ ಅಮ್ಮ ನೆಮ್ಮದಿಯಾಗಿ ಮಲಗುತ್ತಾಳೆ. ಆದರೆ ಅವಳಿಗೆ ಅದು ಮರೆತಿದೆ, ನನಗೆ ಬರುವುದಿಲ್ಲ, ನೀನಿಲ್ಲ. ಒತ್ತಿದರೆ ಆ ಹಾಡು ಇನ್ನು ಯಾರಲ್ಲಿರುತ್ತದೆ? ಅಳಿಸಲಿಲ್ಲ. ನಕಲು ಮಾಡಿಕೊಂಡೆ, ಕಣ್ಣು ಓಡಿಸಲಿಲ್ಲ, ಬಾಯಲ್ಲಿ ಒಂದಕ್ಷರವೂ ಆಡಲಿಲ್ಲ. ಹೆಸರಿಡದ ಫೈಲಾಗಿ ಒಂದು ಕಡೆ ಇಟ್ಟು, ಅಮ್ಮನಿಗೆ ‘ಬುಕ್ಕಲ್ಲಿ ಅದಿಲ್ಲ’ ಎಂದಷ್ಟೇ ಹೇಳಿದೆ. ಆಮೇಲಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ನಿನ್ನೆ ಮಧ್ಯಾಹ್ನ ಮಾಕಳಿಯಿಂದ ಬಂದವರು ಮಾತು ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಹೊರಟರು. ಹೌದು ಅಕ್ಕ, ನಿನ್ನ ಮಗಳ ಮದುವೆ ನಿಶ್ಚಯವಾಯಿತು. ಅವಳೇ ಒಪ್ಪಿದ ಹುಡುಗ, ಅವಳ ಆಫೀಸಿನವನೇ, ಮಾತು ಕಡಿಮೆ. ಅವರ ಕಾರು ತಿರುವು ದಾಟಿದ ಮೇಲೂ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಬಂದು ನನ್ನ ಪಕ್ಕ ಕೂತು, ಮೆಲ್ಲಗೆ ಕೇಳಿದಳು:

‘ಆ ಪದ ನಂಗ್ ಮರ್ತೋಗದೆ ಕಣೆ. ನಮ್ ಪುಷ್ಪ ಒತ್ತಿ ಮಡಗಿದ್ಲಲ್ಲ, ಅದ್ನ ತೆಗುದ್‌ಬುಟ್ಟಾ?’

‘ಇಲ್ಲಮ್ಮ. ಇದೆ.’

‘ಅಂಗಾರೆ ದಪ್ಪಕ್ಸರದಲ್ಲಿ ತೆಕ್ಕೊಡು. ಈಗ ಒಂಟಿರೋ ಎಣ್ಣು ಮನೇಲಿದಾಳೆ. ಏಳ್ಬೌದು.’

ಇವತ್ತು ಅದನ್ನೇ ಮಾಡುತ್ತಾ ಕೂತಿದ್ದೇನೆ. ಅಕ್ಷರ ದಪ್ಪ ಮಾಡಿದರೆ ನೀನು ಒತ್ತಿದ ಎಂಟರ್‌ಗಳಿಂದ ಸಾಲು ಅಲ್ಲಲ್ಲೇ ಮುರಿದು ಬೀಳುತ್ತದೆ. ಒಂದೊಂದನ್ನೂ ತೆಗೆದು ಸಾಲು ಕೂಡಿಸಬೇಕು, ಕೂಡಿಸುವಾಗ ಓದಲೇಬೇಕು. ಓದುತ್ತಿದ್ದೇನೆ ಅಕ್ಕ, ಸದ್ದಿಲ್ಲದೆ. ಹೆದರಿಕೆ ಪೂರ್ತಿ ಹೋಗಿಲ್ಲ. ನಿನಗೆ ಒಂದು ಮಾತು ಕೊಡುತ್ತೇನೆ: ಅಮ್ಮ ಅದನ್ನು ಹೇಳುವಾಗ ನಿನ್ನ ಜಾಗದಲ್ಲಿ ನಾನು ನಿಂತಿರುತ್ತೇನೆ. ಹಾಡು ಮುಗಿಯುವವರೆಗೂ ಮೇಘನಾಳ ಕೈ ಬಿಡುವುದಿಲ್ಲ. ಮುಗಿದ ಮೇಲೆ ಬಿಡಲೇಬೇಕಲ್ಲ…

ನಿನ್ನ ತಂಗಿ,
ಸುಜಾತ