ಅಮ್ಮನ ಹೆಗಲ ಮೇಲಿನ ಬೆರಳುಗಳು

ಭದ್ರಾವತಿ
9-2-2004

ಪ್ರೀತಿಯ ಕವನಕ್ಕಾ,

ಫೋಟೋದಲ್ಲಿ ಉಳಿದಿರುವ ನಿನ್ನ ಕೈಯನ್ನು ಅಳಿಸಬೇಡ ಅಂತ ಅಪ್ಪ ಹೇಳಿದ್ದಾರೆ. ಇದನ್ನು ನನಗೆ ತಿಳಿಸಿದ್ದು ಸ್ಟುಡಿಯೋ ಹಾಲೇಶ್, ಇವತ್ತು ಪ್ರಿಂಟ್ ತರಲು ಹೋದಾಗ.

ಕ್ವಾರ್ಟರ್ಸ್ ಮುಂದೆ ನಾವು ನಾಲ್ವರೂ ತೆಗೆಸಿಕೊಂಡ ಫೋಟೋ ಅದು. ನಿನಗೆ ಗೊತ್ತಿರಲಿಕ್ಕಿಲ್ಲ, ನೀನು ಜಾತಿ ಬಿಟ್ಟು ಜ್ಞಾನೇಶ್ ಭಾವನನ್ನು ಮದುವೆಯಾದ ವಾರವೇ ಅಪ್ಪ ಅದರಿಂದ ನಿನ್ನನ್ನು ಕತ್ತರಿಸಿ ತೆಗೆದರು. ಆದರೆ ಕುರ್ಚಿಯಲ್ಲಿ ಕೂತ ಅಮ್ಮನ ಹೆಗಲ ಮೇಲೆ ನೀನು ಕೈ ಇಟ್ಟಿದ್ದೆ. ಅದನ್ನೂ ಕತ್ತರಿಸಿದರೆ ಅಮ್ಮನ ಹೆಗಲೇ ಹೋಗುತ್ತಿತ್ತು. ಹಾಗಾಗಿ ಬೆರಳು ಉಳಿದವು.

ಟ್ರಂಕಿನಲ್ಲಿದ್ದ ಆ ಫೋಟೋಗೆ ಬೂಷ್ಟು ಹಿಡಿದಿತ್ತು. ಅಮ್ಮ ಹಟ ಮಾಡಿದಳೆಂದು ಅಪ್ಪನೇ ಹಾಲೇಶನ ಹತ್ತಿರ ಒಯ್ದರು. ಅವನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಕೊಂಡು ಬಿಳಿ ಚುಕ್ಕೆಗಳನ್ನೆಲ್ಲ ಮುಚ್ಚಿದ. ಮಾಸಿದ ಬಣ್ಣ ಸರಿಮಾಡಿದ ಮೇಲೆ ನಿನ್ನ ಉಗುರಿನ ಗೋರಂಟಿ ಕೂಡ ಕೆಂಪಗೆ ಎದ್ದು ಬಂತು.

ಹಾಲೇಶನಿಗೆ ನಮ್ಮ ಮನೆ ಕಥೆ ಗೊತ್ತಿಲ್ಲ. ಯಾರದೋ ಬೆರಳು ಉಳಿದಿದೆ ಯಜಮಾನ್ರೇ, ಸೀರೆ ಬಣ್ಣ ತುಂಬಿ ಮುಚ್ಚಿಬಿಡ್ತೀನಿ ಅಂದನಂತೆ. ಮುಟ್ಬೇಡ ಮಾರಾಯ, ಅದು ನನ್ನ ದೊಡ್ಡ ಮಗಳ ಕೈ ಅಂದರಂತೆ ಅಪ್ಪ. ಹಾಗಾದರೆ ಅವರ ಬೇರೆ ಫೋಟೋ ಕೊಡಿ, ಪಕ್ಕದಲ್ಲಿ ಕೂಡಿಸಿ ಕೊಡ್ತೀನಿ ಅಂದನಂತೆ ಇವನು. ಅಪ್ಪನಿಗೆ ಸಿಟ್ಟು ಬಂತಂತೆ. ಹಾಗೆ ಕೂಡಿಸೋದು ಸತ್ತವರನ್ನ ಕಣೋ, ಅವಳು ಅಲ್ಲೇ ಶಿವಮೊಗ್ಗದ ರಾಗಿಗುಡ್ಡದಲ್ಲಿ ಚೆನ್ನಾಗಿದ್ದಾಳೆ, ಭಾನುವಾರ ಎಲ್ಲರದ್ದೂ ಹೊಸದಾಗಿ ತೆಗಿ ಅಂದರಂತೆ.

ಮನೆಯಲ್ಲಿ ಮಾತ್ರ ಏನೂ ಹೇಳಿಲ್ಲ. ಭಾನುವಾರಕ್ಕೆ ಹಸಿರು ಸೀರೆ ತೆಗೆದಿಡು ಅಂತ ಅಮ್ಮನಿಗೆ ಅಂದರು, ಅಷ್ಟೆ. ಅಮ್ಮ ಪ್ರಿಂಟನ್ನು ದೇವರ ಗೂಡಿನ ಪಕ್ಕ ಇಟ್ಟು, ಹೋಗಿ ಬಂದು ನೋಡುತ್ತಿದ್ದಾಳೆ.

ಅಕ್ಕಾ, ಅಪ್ಪ ಬಾ ಅಂತ ಬಾಯಿಬಿಟ್ಟು ಕರೆಯುವವರಲ್ಲ. ನೀನು ಬರದಿದ್ದರೆ ಎರಡನೇ ಸಲ ಸ್ಟುಡಿಯೋಗೆ ಹೋಗುವವರೂ ಅಲ್ಲ. ಕರೆದರೆ ಮಾತ್ರ ಬರ್ತೀನಿ ಅಂತ ನೀನೂ ಕೂತರೆ ಅಪ್ಪನ ಮಗಳೇ ಸೈ.

ಫೋಟೋ ಇದೇ ಭಾನುವಾರ ಬೆಳಿಗ್ಗೆ ಹತ್ತೂವರೆಗೆ.

ನಿನ್ನ ತಂಗಿ,
ರಂಜಿನಿ

ಮರೆತಿದ್ದೆ: ಭಾವ ಕುಡಿಯೋದು ಟೀನೋ ಕಾಫಿನೋ? ಕೇಳಿದ್ದು ಅಮ್ಮ ಅಲ್ಲ. ಪೇಪರ್‌ನಿಂದ ತಲೆ ಎತ್ತದೆ ಅಪ್ಪ ಕೇಳಿದರು.